ಹಳೇ ಗಾಡಿಗೆ ಬೇರೆ ಎಂಜಿನ್ ಕೂರಿಸಿದ್ದೀರಿ, ಕೀ ತಿರುವಿದರೆ ಸ್ಟಾರ್ಟ್ ಆಗುತ್ತಿಲ್ಲ: ವೈರಿಂಗ್ ದೋಷ ಹುಡುಕುವ ಕ್ರಮ

ಎಂಜಿನ್ ಕೂತಿದೆ, ಗೇರ್‌ಬಾಕ್ಸ್ ಹೊಂದಿಕೊಂಡಿದೆ, ಡೀಸೆಲ್ ಲೈನಿನ ಗಾಳಿ ತೆಗೆದಾಗಿದೆ. ಆದರೆ ಕೀ ತಿರುವಿದರೆ ಬರೀ ‘ಟಕ್’ ಅನ್ನುತ್ತದೆ. ಇಲ್ಲವೇ ಸೆಲ್ಫ್ (ಎಂಜಿನನ್ನು ತಿರುಗಿಸಿ ಹಿಡಿಸುವ ಸ್ಟಾರ್ಟರ್ ಮೋಟಾರು) ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಇಲ್ಲವೇ ಹಿಡಿದ ಎಂಜಿನ್ ಕೀ ತೆಗೆದರೂ ನಿಲ್ಲುವುದಿಲ್ಲ. ಪುಣೆ ಸುತ್ತಲಿನ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿ, ಭೋಸರಿ, ಚಾಕಣ ಕಡೆ ಗಾಡಿ ಇಟ್ಟುಕೊಂಡಿರುವ ನಮ್ಮ ಕಡೆಯ ಮಾಲೀಕರು, ಚಾಲಕರು ಕೇಳುವುದು ಹೆಚ್ಚಾಗಿ ಈ ಮೂರರಲ್ಲೇ ಒಂದು. ಹಾಗಾಗಿ ಹುಡುಕುವ ಕ್ರಮವನ್ನು ಮೊದಲಿಂದ ಕೊನೆಯವರೆಗೆ ಒಂದೇ ಕಡೆ ಬರೆದಿದ್ದೇನೆ.

ಇದು 12 ವೋಲ್ಟಿನ, ಯಾಂತ್ರಿಕ ಪಂಪಿನ ಡೀಸೆಲ್ ಎಂಜಿನ್‌ಗೆ ಮಾತ್ರ. ಹಳೇ ಪೆಟ್ರೋಲ್ ಜೀಪು, ಪಿಕಪ್ಪಿಗೆ ಡೀಸೆಲ್ ಹಾಕಿದವರಿಗೂ, ಡೈನಮೋ (ಆಲ್ಟರ್ನೇಟರಿಗಿಂತ ಹಿಂದಿನ, ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕಾಲದ ಡೀಸೆಲ್ ಗಾಡಿಗೆ ಸ್ವಲ್ಪ ಹೊಸ ಕಾಲದ ಡೀಸೆಲ್ ಹಾಕಿದವರಿಗೂ ಅನ್ವಯಿಸುತ್ತದೆ. ಸಿಆರ್‌ಡಿಐ, ಅಂದರೆ ಕಂಪ್ಯೂಟರ್ ನಿಯಂತ್ರಿಸುವ ಹೊಸ ಬಗೆಯ ಡೀಸೆಲ್ ಎಂಜಿನ್ ಹಾಕಿದ್ದರೆ ಇದನ್ನು ಅನುಸರಿಸಬೇಡಿ. ಅದಕ್ಕೆ ಇಸಿಯು (ಎಂಜಿನ್ನಿನ ಕಂಪ್ಯೂಟರ್ ಡಬ್ಬಿ), ಸೆನ್ಸರ್ ಎಲ್ಲ ಸೇರಿದ ಪೂರ್ತಿ ವೈರಿಂಗ್ ಸೆಟ್ ಬೇಕು. ಅಲ್ಲಿ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಇಸಿಯುವೇ ಹೋಗಬಹುದು.

ವೈರಿಗೆ ಕೈ ಹಾಕುವ ಮೊದಲು ಕಾಗದದ ವಿಷಯ. ಎಂಜಿನ್ ಬದಲಾವಣೆ, ಇಂಧನ ಬದಲಾವಣೆ ಎರಡೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಬರುತ್ತವೆ. ಪುಣೆಯ ಎಂಎಚ್ 12 ಆಗಲಿ, ಪಿಂಪ್ರಿ-ಚಿಂಚವಡದ ಎಂಎಚ್ 14 ಆಗಲಿ, ನೋಂದಣಿ ಇರುವ ಆರ್‌ಟಿಒದ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರಬೇಕು. ಇದಾಗದೆ ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದೇ ಇದನ್ನು. ಒಪ್ಪಿಗೆ ಸಿಗುತ್ತದೋ ಇಲ್ಲವೋ ಎಂದು ಎಂಜಿನ್ ಕೊಳ್ಳುವ ಮುಂಚೆಯೇ ವಿಚಾರಿಸಿ.

ಬೇಕಾದ ಸಾಮಾನು

ಮಲ್ಟಿಮೀಟರ್ ಒಂದು. ಅದಕ್ಕಿಂತ ಮುಖ್ಯವಾಗಿ ಟೆಸ್ಟ್ ಲ್ಯಾಂಪ್: 21 ವ್ಯಾಟಿನ ಬ್ರೇಕ್ ಬಲ್ಬು, ಹೋಲ್ಡರು, ಎರಡು ವೈರು, ತುದಿಗೆ ಕ್ಲಿಪ್ಪು. ಈ ಬಲ್ಬು ಪೌಣೆರಡು ಆಂಪಿನಷ್ಟು ಕರೆಂಟ್ ಎಳೆಯುತ್ತದೆ. ಅದರ ಉಪಯೋಗ ಮುಂದೆ ತಿಳಿಯುತ್ತದೆ. 40 ಆಂಪಿನ ಎರಡು ರಿಲೇ, ಹೀಟರ್ ಪ್ಲಗ್ (ತಣ್ಣಗಿರುವ ಎಂಜಿನ್ ಹಿಡಿಯಲು ಒಳಗೆ ಬಿಸಿ ಕೊಡುವ ಪ್ಲಗ್) ಇದ್ದರೆ 70 ಆಂಪಿನ ಇನ್ನೊಂದು, ಫ್ಯೂಸು-ಹೋಲ್ಡರು, ಲಗ್ಗು (ವೈರಿನ ತುದಿಗೆ ಒತ್ತುವ ಲೋಹದ ತುಂಡು), ಲಗ್ ಒತ್ತುವ ಇಕ್ಕಳ, ಸ್ಲೀವು, ಮರಳು ಕಾಗದ, 1ಎನ್4007 ಎಂಬ ಡಯೋಡು, ಮಾಸ್ಕಿಂಗ್ ಟೇಪು, ಪೆನ್ನು, ಹಾಳೆ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ. ಡಯೋಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ಪುಣೆಯಲ್ಲಾದರೆ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಸೆಲ್ಫನ್ನೂ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಮುಂಬೈನ ಕುರ್ಲಾದಿಂದಲೋ ಪುಣೆಯ ಜೂನಾ ಬಜಾರಿನಿಂದಲೋ ಹಳೆಯದನ್ನೇ ತಂದು ರಿಪೇರಿ ಮಾಡಿಸಿದರೂ ನಡೆಯುತ್ತದೆ. ಕೇಬಲ್, ರಿಲೇ, ಫ್ಯೂಸ್ ಹೋಲ್ಡರ್ ಮಾತ್ರ ಹಳೆಯದು ಬೇಡವೇ ಬೇಡ. ಹಳೇ ಕೇಬಲ್ಲಿನ ತುದಿ ಸುಲಿದು ನೋಡಿ, ಒಳಗಿನ ತಾಮ್ರ ಕಪ್ಪಾಗಿರುತ್ತದೆ. ಎಂಜಿನ್ ಕೊಳ್ಳುವಾಗ ಅದರ ಮೇಲಿನ ವೈರಿಂಗನ್ನೂ ಕತ್ತರಿಸದೆ ಕೊಡಿ ಎಂದು ಕೇಳಿ, ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ.

1. ಗಾಡಿ ಭದ್ರ ಮಾಡಿ, ವೋಲ್ಟು-ಅರ್ತ್ ನೋಡಿ

ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಕೈಯ ಉಂಗುರ, ಕಡಗ ತೆಗೆದಿಡಿ. ಪಂಪಿನ ಮೇಲೆ ಕೈಯಿಂದ ಎಂಜಿನ್ ನಿಲ್ಲಿಸುವ ಲಿವರ್ ಇದ್ದರೆ ಅದು ಎಲ್ಲಿದೆ, ಯಾವ ಕಡೆ ಎಳೆದರೆ ನಿಲ್ಲುತ್ತದೆ ಎಂದು ಈಗಲೇ ನೋಡಿಟ್ಟುಕೊಳ್ಳಿ. ಅದಿಲ್ಲದ ಪಂಪಾದರೆ ಗಾಳಿ ಒಳಗೆ ಹೋಗುವ ಬಾಯಿಯನ್ನು ಮುಚ್ಚಲು ಒಂದು ದಪ್ಪ ಹಲಗೆ ಪಕ್ಕದಲ್ಲಿರಲಿ. ಬ್ಯಾಟರಿ ಬಿಚ್ಚುವಾಗ ಅರ್ತ್ ಕಡೆಯ ಕೇಬಲ್ ಮೊದಲು, ಹಾಕುವಾಗ ಅದೇ ಕೊನೆಗೆ.

ಅರ್ತ್ ಎಂದರೆ ಕರೆಂಟ್ ಚಾಸಿಯ ಮೂಲಕ ಬ್ಯಾಟರಿಗೆ ವಾಪಸ್ ಬರುವ ದಾರಿ. ಇವತ್ತಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ಚಾಸಿಗೆ ಹೋಗುತ್ತದೆ. 1950–60ರ ದಶಕದ ಬ್ರಿಟಿಷ್ ವಿನ್ಯಾಸದ ಹಲವು ಗಾಡಿಗಳಲ್ಲಿ ಪ್ಲಸ್ಸೇ ಚಾಸಿಗೆ ಹೋಗುತ್ತಿತ್ತು. ಅಂಥ ಗಾಡಿಗೆ ಮೈನಸ್ ಅರ್ತಿನ ಆಲ್ಟರ್ನೇಟರ್ ಇರುವ ಎಂಜಿನ್ ಹಾಕಿ ಬ್ಯಾಟರಿಯನ್ನು ಮೊದಲಿನ ಹಾಗೇ ಜೋಡಿಸಿದರೆ ಆಲ್ಟರ್ನೇಟರಿನೊಳಗಿನ ಡಯೋಡುಗಳು ಆ ಕ್ಷಣವೇ ಸುಡುತ್ತವೆ.

ಗಾಡಿ 24 ವೋಲ್ಟಿನದು, ಎಂಜಿನ್ 12 ವೋಲ್ಟಿನದು ಎಂದಾದರೆ ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಎಂಜಿನ್‌ಗೆ ಕರೆಂಟ್ ಕೊಡುವ ಕೆಲಸ ಮಾಡಬೇಡಿ. ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಹಾಳಾಗುತ್ತದೆ. ಸೆಲ್ಫ್, ಆಲ್ಟರ್ನೇಟರ್, ಸೊಲೆನಾಯ್ಡ್ (ಕರೆಂಟ್ ಬಂದಾಗ ಒಳಗಿನ ಸರಳನ್ನು ಎಳೆಯುವ ಸುರುಳಿ), ಬಲ್ಬು, ರಿಲೇ ಎಲ್ಲವನ್ನೂ ಒಂದೇ ವೋಲ್ಟಿಗೆ ತನ್ನಿ.

2. ಬಣ್ಣ ನಂಬಬೇಡಿ, ಮೂರು ಲೈನ್ ಹುಡುಕಿ

ಎಲ್ಲಕ್ಕಿಂತ ಹೆಚ್ಚು ಗಾಡಿಗಳು ಕೆಡುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ನಮ್ಮ ರಸ್ತೆಯ ಹಳೇ ಗಾಡಿಗಳಲ್ಲಿ ಎರಡು ಬೇರೆ ಬೇರೆ ಸಂಪ್ರದಾಯದ ವೈರಿಂಗ್ ಇದೆ. ಟಾಟಾ 1954ರಿಂದ 1969ರವರೆಗೆ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡಿತು. ಹೀಗಾಗಿ ಜರ್ಮನ್ ಪದ್ಧತಿ ಅಲ್ಲಿಂದ ಬಂತು. ಬೆಡ್‌ಫೋರ್ಡ್, ಲೇಲ್ಯಾಂಡ್ ಮೂಲದ ಗಾಡಿಗಳದು ಲೂಕಾಸ್ ಎಂಬ ಬ್ರಿಟಿಷ್ ಪದ್ಧತಿ. ಎರಡರ ಬಣ್ಣಗಳು ಒಂದಕ್ಕೊಂದು ತದ್ವಿರುದ್ಧ. ಲೂಕಾಸಿನಲ್ಲಿ ಕಂದು ವೈರ್ ಎಂದರೆ ಫ್ಯೂಸೂ ಇಲ್ಲದೆ ಬ್ಯಾಟರಿಯಿಂದ ನೇರ ಬರುವ ಪ್ಲಸ್. ಜರ್ಮನ್ ಪದ್ಧತಿಯಲ್ಲಿ ಕಂದು ಎಂದರೆ ಅರ್ತ್. ಲೂಕಾಸಿನಲ್ಲಿ ಕಪ್ಪು ಅರ್ತ್, ಜರ್ಮನಿಯದರಲ್ಲಿ ಕಪ್ಪು ಎಂದರೆ ಕೀ ಆನ್ ಆದಾಗ ಬರುವ ಪ್ಲಸ್. ಒಂದು ಪದ್ಧತಿಯ ಗಾಡಿಗೆ ಇನ್ನೊಂದು ಪದ್ಧತಿಯ ಎಂಜಿನ್ ತಂದು ‘ಕಂದಿಗೆ ಕಂದು’ ಜೋಡಿಸಿದರೆ ಬ್ಯಾಟರಿ ನೇರ ಶಾರ್ಟ್ ಆಗಿ ವೈರಿಂಗಿಗೆ ಬೆಂಕಿ ಹತ್ತುತ್ತದೆ. ಇದರ ಮೇಲೆ ಮೂವತ್ತು-ನಲವತ್ತು ವರ್ಷ ಓಡಿದ ಗಾಡಿಯಲ್ಲಿ ಕೈಗೆ ಸಿಕ್ಕ ಬಣ್ಣದ ವೈರು ಹಾಕಿದವರೂ ಇರುತ್ತಾರೆ.

ಆದ್ದರಿಂದ ಬಣ್ಣ ಮರೆತು ಮೂರು ಲೈನ್ ಹುಡುಕಿ. ಕೀ ಸ್ವಿಚ್ಚಿನ ಹಿಂದೆ ಅಂಕಿ ಇದ್ದರೆ ಅದು ಜರ್ಮನ್ ಮಾನಕದ್ದು: 30 ಎಂದರೆ ಯಾವಾಗಲೂ ಇರುವ ಬ್ಯಾಟರಿ ಪ್ಲಸ್, 15 ಎಂದರೆ ಕೀ ಆನ್ ಆದಾಗ ಬರುವ ಪ್ಲಸ್, 50 ಎಂದರೆ ಸೆಲ್ಫ್ ಹೊಡೆದಾಗ ಮಾತ್ರ ಬರುವ ಪ್ಲಸ್, 31 ಎಂದರೆ ಅರ್ತ್. ಕೆಲವು ಸ್ವಿಚ್ಚಿನಲ್ಲಿ 30, 15, 50 ಈ ಮೂರನ್ನು ಎಎಂ, ಐಜಿ, ಎಸ್‌ಟಿ ಎಂದು ಕೆತ್ತಿರುತ್ತಾರೆ. ಎಸಿಸಿ ಎಂದಿರುವುದು ಟೇಪ್‌ರೆಕಾರ್ಡರ್, ಫ್ಯಾನಿನಂಥವಕ್ಕೆ. ಏನೂ ಬರೆದಿಲ್ಲದಿದ್ದರೆ ಟೆಸ್ಟ್ ಲ್ಯಾಂಪಿನ ಒಂದು ತುದಿ ಅರ್ತಿಗೆ ಕೊಟ್ಟು ಇನ್ನೊಂದನ್ನು ಪ್ರತಿ ಟರ್ಮಿನಲ್ಲಿಗೂ ಮುಟ್ಟಿಸಿ. ಕೀ ಆಫ್, ಎಸಿಸಿ, ಆನ್, ಸ್ಟಾರ್ಟ್, ನಾಲ್ಕೂ ಜಾಗದಲ್ಲಿ ಎಲ್ಲೆಲ್ಲಿ ಉರಿಯಿತು ಎಂದು ಹಾಳೆಯಲ್ಲಿ ಬರೆಯಿರಿ. 15 ಎಂದು ನೀವು ಗುರುತಿಸಿದ್ದು ‘ಆನ್’, ‘ಸ್ಟಾರ್ಟ್’ ಎರಡರಲ್ಲೂ ಉರಿಯಲೇಬೇಕು. ಸಿಕ್ಕ ವೈರಿಗೆ ಕೂಡಲೇ ಟೇಪ್ ಸುತ್ತಿ ಅದರ ಮೇಲೆ ನಂಬರ್ ಬರೆಯಿರಿ.

ಮೀಟರ್ ಇರುವಾಗ ಬಲ್ಬು ಯಾಕೆ ಎಂದು ಕೇಳುತ್ತೀರಿ. ಮೀಟರ್ ಕರೆಂಟ್ ಎಳೆಯುವುದಿಲ್ಲ. ಒಂದೇ ಒಂದು ಎಳೆ ತಾಮ್ರ ಉಳಿದಿರುವ ವೈರಿನಲ್ಲೂ ಅದು 12.5 ಎಂದೇ ತೋರಿಸುತ್ತದೆ. ಬಲ್ಬು ಹಚ್ಚಿದರೆ ನಿಜ ಹೊರಬೀಳುತ್ತದೆ: ಮಂಕಾಗಿ ಉರಿದರೆ ಆ ಲೈನಿನಲ್ಲಿ ಶಕ್ತಿ ಇಲ್ಲ. ಲೋಡ್ ಕೊಟ್ಟು ಅಳೆಯದ ಯಾವ ಅಂಕಿಯನ್ನೂ ಈ ಕೆಲಸದಲ್ಲಿ ನಂಬಬೇಡಿ.

3. ಹಳೆಯದನ್ನು ಪೂರ್ತಿ ಕೀಳಿರಿ

ಪೆಟ್ರೋಲ್ ಗಾಡಿಯಾಗಿದ್ದರೆ ಕಿಡಿ ಹೊತ್ತಿಸುತ್ತಿದ್ದ ಕಾಯ್ಲ್, ಡಿಸ್ಟ್ರಿಬ್ಯೂಟರ್ ವೈರುಗಳು ಉಳಿದಿರುತ್ತವೆ. ಕಾಯ್ಲಿಗೆ ಹೋಗುವ ಲೈನನ್ನು ‘ಕೀ ಪ್ಲಸ್ ಇಲ್ಲೇ ಇದೆಯಲ್ಲ’ ಎಂದು ಬಳಸಿಬಿಡುತ್ತಾರೆ. ಹಲವು ಗಾಡಿಗಳಲ್ಲಿ ಅದರ ನಡುವೆ ಒಂದು ರೆಸಿಸ್ಟರೋ, ಬೇಕೆಂದೇ ಹೆಚ್ಚು ತಡೆ ಇಟ್ಟ ವೈರೋ ಇರುತ್ತದೆ, ಕಾಯ್ಲ್ ಬಿಸಿಯಾಗದಿರಲಿ ಎಂದು. ಮೀಟರಿನಲ್ಲಿ ಪೂರ್ತಿ 12 ತೋರಿಸುವ ಆ ಲೈನಿಗೆ 21 ವ್ಯಾಟಿನ ಬಲ್ಬು ಕೊಟ್ಟರೆ ಸುಮಾರು 2 ವೋಲ್ಟ್ ಬೀಳುತ್ತದೆ. ಅದಕ್ಕೆ ದೊಡ್ಡ ಸೊಲೆನಾಯ್ಡ್ ಕಟ್ಟಿದರೆ ಎಳೆಯುವುದೇ ಇಲ್ಲ. ಆ ವೈರನ್ನು ಸ್ವಿಚ್ಚಿನಿಂದಲೇ ತೆಗೆಯಿರಿ.

ಡೈನಮೋ ಇದ್ದ ಗಾಡಿಯಾದರೆ ಅದರ ಚಾರ್ಜಿಂಗ್ ನಿಯಂತ್ರಿಸುವ ಕಟೌಟ್-ರೆಗ್ಯುಲೇಟರ್ ಡಬ್ಬಿಯನ್ನೂ ಬಿಚ್ಚಿ ಹೊರಗಿಡಿ. ಡ್ಯಾಶ್‌ಬೋರ್ಡಿನ ಹಳೇ ಆಂಪ್ ಮೀಟರನ್ನೂ ಲೈನಿನಿಂದ ತಪ್ಪಿಸಿ. ಗಾಡಿಯ ಪೂರ್ತಿ ಕರೆಂಟ್ ಅದರೊಳಗಿಂದಲೇ ಹಾದುಹೋಗುತ್ತದೆ. 30 ಆಂಪಿಗೆ ಮಾಡಿದ ಮೀಟರಿನೊಳಗೆ 65 ಆಂಪಿನ ಆಲ್ಟರ್ನೇಟರಿನ ಕರೆಂಟ್ ಬಿಟ್ಟರೆ ಡ್ಯಾಶ್‌ಬೋರ್ಡಿನ ಹಿಂದೆ ಹೊಗೆ ಏಳುತ್ತದೆ. ಬೇಕಿದ್ದರೆ ವೋಲ್ಟ್ ಮೀಟರ್ ಹಾಕಿಕೊಳ್ಳಿ.

4. ಅರ್ತಿಂಗ್

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಅಂದರೆ ಚಾಸಿಗೂ ಎಂಜಿನ್‌ಗೂ ಲೋಹದ ಸಂಪರ್ಕವೇ ಇಲ್ಲ. ಎಂಜಿನ್ ಬದಲಿಸುವಾಗ ಹಳೇ ಅರ್ತ್ ಪಟ್ಟಿ ಬಿಚ್ಚಿ ಮೂಲೆಗಿಟ್ಟು ಮರೆಯುವುದು ಗ್ಯಾರೇಜುಗಳಲ್ಲಿ ದಿನವೂ ನಡೆಯುತ್ತದೆ. ಆಗ ಸೆಲ್ಫಿನ ನೂರಾರು ಆಂಪ್ ಕರೆಂಟ್ ವಾಪಸ್ ಬರಲು ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಡೀಸೆಲ್ ಪೈಪಿನ ದಾರಿ ಹಿಡಿಯುತ್ತದೆ. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾದರೆ, ಹೊಗೆಯಾಡಿದರೆ ಬೇರೇನೂ ಹುಡುಕಬೇಡಿ, ಅರ್ತ್ ಪಟ್ಟಿ ಇಲ್ಲ ಎಂದೇ ಅರ್ಥ.

ಬ್ಯಾಟರಿಯಿಂದ ಚಾಸಿಗೆ ಒಂದು, ಚಾಸಿಯಿಂದ ಎಂಜಿನ್ ಬ್ಲಾಕಿಗೆ ಒಂದು, ಎರಡು ದಪ್ಪ ಪಟ್ಟಿ ಬೇಕು. ಡೀಸೆಲ್ ಸೆಲ್ಫ್ ಪೆಟ್ರೋಲಿನದಕ್ಕಿಂತ ತುಂಬಾ ಹೆಚ್ಚು ಎಳೆಯುತ್ತದೆ, ಪೆಟ್ರೋಲ್ ಕಾಲದ ಕೇಬಲ್ ಸಾಲದು. 35ರಿಂದ 50 ಚದರ ಮಿಲಿಮೀಟರಿನ ಕೇಬಲ್ ಹಾಕಿ. ಬೋಲ್ಟ್ ಕೂರುವ ಜಾಗದ ಪೇಂಟನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಕೊಂಕಣ, ಗೋವಾ ಕಡೆ ಓಡುವ ಗಾಡಿಗೆ ಉಪ್ಪು ಗಾಳಿಯಿಂದ ಈ ಜಾಗವೇ ಮೊದಲು ಕೊಳೆಯುತ್ತದೆ.

ಈಗ ಪರೀಕ್ಷೆ. ಎಂಜಿನ್ ಹಿಡಿಯದ ಹಾಗೆ ಸ್ಟಾಪ್ ಲಿವರ್ ಎಳೆದಿಡಿ, ಇಲ್ಲವೇ ಪಂಪಿನ ಸೊಲೆನಾಯ್ಡ್ ವೈರ್ ತೆಗೆಯಿರಿ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬರೀ ಲೋಹದ ಮೇಲೆ. ಒಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನ ಆಸುಪಾಸು ಬಂದರೆ ಸರಿ. 0.5 ದಾಟಿದರೆ ಅರ್ತಿಂಗ್ ಕೆಟ್ಟಿದೆ. ಪ್ರತಿ ಸಲ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ.

5. ಬರೀ ‘ಟಕ್’: ಸೆಲ್ಫಿನ ಲೈನ್

ಮೊದಲು ಬ್ಯಾಟರಿ. ಚೆನ್ನಾಗಿ ಚಾರ್ಜಾದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ವೈರಿಂಗ್ ಹುಡುಕುವುದು ನಿಲ್ಲಿಸಿ ಬ್ಯಾಟರಿ ನೋಡಿ.

ಬ್ಯಾಟರಿ ಸರಿ ಇದ್ದರೆ ಸೆಲ್ಫಿನ ಮೇಲಿನ 50ನೇ ಟರ್ಮಿನಲ್ಲಿಗೆ ಮೀಟರ್ ಹಿಡಿದು ಕೀ ತಿರುವಿ. ಬ್ಯಾಟರಿ ಕಂಬದಲ್ಲಿ 11 ಇದ್ದು ಇಲ್ಲಿ 7–8 ಬಂದರೆ ದೋಷ ಕೀ ಸ್ವಿಚ್ಚಿನಿಂದ ಇಲ್ಲಿವರೆಗಿನ ದಾರಿಯದು. ಸೆಲ್ಫಿನ ಸೊಲೆನಾಯ್ಡ್ ಎಳೆಯುವ ಕ್ಷಣಕ್ಕೆ 30–50 ಆಂಪ್ ಬೇಡುತ್ತದೆ. ಸವೆದ ಕೀ ಸ್ವಿಚ್ಚು, ಉದ್ದದ ತೆಳ್ಳನೆ ವೈರು ಅದನ್ನು ತಡೆಯಲಾರವು. ಇದಕ್ಕೆ ಮದ್ದು ರಿಲೇ. ಕೀಯಿಂದ ಬರುವ ಸ್ಟಾರ್ಟ್ ವೈರ್ ರಿಲೇಯ 86ಕ್ಕೆ, 85 ಅರ್ತಿಗೆ, ಬ್ಯಾಟರಿಯಿಂದ 40 ಆಂಪ್ ಫ್ಯೂಸ್ ಮೂಲಕ 4ರಿಂದ 6 ಚದರ ಮಿಲಿಮೀಟರಿನ ವೈರು 30ಕ್ಕೆ, 87ರಿಂದ ಅದೇ ದಪ್ಪದ ವೈರು ಸೆಲ್ಫಿನ 50ಕ್ಕೆ. ಕೆಲವು ಎಲೆಕ್ಟ್ರಿಷಿಯನ್ನರು ಕೀ ಬಿಟ್ಟು ‘ಡೈರೆಕ್ಟ್’ ಬಟನ್ ಹಾಕಿಕೊಡುತ್ತಾರೆ. ಎಂಜಿನ್ ಓಡುತ್ತಿರುವಾಗ ಯಾರದೋ ಮೊಣಕಾಲು ತಾಗಿ ಅದು ಒತ್ತಿದರೆ ಸೆಲ್ಫಿನ ಹಲ್ಲೂ ಫ್ಲೈವೀಲಿನ ಹಲ್ಲೂ ಮುರಿಯುತ್ತವೆ. ಒಪ್ಪಬೇಡಿ.

6. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ: ಸ್ಟಾಪ್ ಸೊಲೆನಾಯ್ಡ್

ಡೀಸೆಲ್‌ನಲ್ಲಿ ಕಿಡಿ ಇಲ್ಲ. ಎಂಜಿನ್ ಓಡುವುದೂ ನಿಲ್ಲುವುದೂ ಪಂಪಿಗೆ ಡೀಸೆಲ್ ಹೋಗುವುದರ ಮೇಲೆ ನಿಂತಿದೆ. ಹಳೇ ಮೈಕೋ (ಈಗಿನ ಬಾಷ್) ಕಂಪನಿಯ ಇನ್‌ಲೈನ್ ಪಂಪುಗಳಲ್ಲಿ ನಿಲ್ಲಿಸಲು ಎಳೆಯುವ ಕೇಬಲ್ ಇರುತ್ತಿತ್ತು. ಅಂಥದ್ದೇ ಪಂಪ್ ನಿಮ್ಮ ಹೊಸ ಎಂಜಿನ್‌ನಲ್ಲೂ ಇದ್ದರೆ ಈ ಹಂತ ಬಿಡಿ, ಕೇಬಲ್ ಪೂರ್ತಿ ವಾಪಸ್ ಹೋಗುತ್ತದೆಯೇ ಎಂದು ಮಾತ್ರ ನೋಡಿ. ರೋಟರಿ ಪಂಪುಗಳ ಮೇಲೆ ಸಾಮಾನ್ಯವಾಗಿ ಒಂದೇ ವೈರಿನ ಸೊಲೆನಾಯ್ಡ್ ಇರುತ್ತದೆ.

ಇದರಲ್ಲಿ ಎರಡು ಜಾತಿ. ಒಂದಕ್ಕೆ ಕರೆಂಟ್ ಇರುವವರೆಗೆ ಎಂಜಿನ್ ಓಡುತ್ತದೆ, ಇನ್ನೊಂದಕ್ಕೆ ಕರೆಂಟ್ ಕೊಟ್ಟಾಗ ನಿಲ್ಲುತ್ತದೆ. ರೋಟರಿ ಪಂಪಿನ ಮೇಲಿರುವುದು ಹೆಚ್ಚಾಗಿ ಮೊದಲನೆಯದು. ಕೀ ಆನ್ ಮಾಡಿ, ಅದರ ವೈರನ್ನು ತೆಗೆದು ಮುಟ್ಟಿಸಿ, ತೆಗೆದು ಮುಟ್ಟಿಸಿ. ಪ್ರತಿ ಸಲ ‘ಟಿಕ್’ ಕೇಳಬೇಕು. ಕೇಳದಿದ್ದರೆ ಬ್ಯಾಟರಿ ಪ್ಲಸ್ಸಿನಿಂದ ಒಂದು ಫ್ಯೂಸ್ ಹಾಕಿದ ವೈರನ್ನು ನೇರ ಮುಟ್ಟಿಸಿ. ಆಗ ಟಿಕ್ ಅಂದರೆ ಸೊಲೆನಾಯ್ಡ್ ಸರಿ, ಲೈನ್ ಕೆಟ್ಟಿದೆ.

ಕೀ ಸ್ವಿಚ್ಚಿನ ಯಾವ ಟರ್ಮಿನಲ್ಲಿಗೆ ಕಟ್ಟಿದ್ದೀರಿ ಎಂಬುದನ್ನು ಲಕ್ಷಣವೇ ಹೇಳುತ್ತದೆ. ಸೆಲ್ಫ್ ಎಷ್ಟು ಹೊಡೆದರೂ ಹಿಡಿಯದೆ, ಕೀ ಬಿಟ್ಟ ಕ್ಷಣದಲ್ಲಿ ಒಂದು ಸಲ ಹಿಡಿದಂತೆ ಮಾಡಿದರೆ ಎಸಿಸಿಗೆ ಕಟ್ಟಿದ್ದೀರಿ. ಸೆಲ್ಫ್ ಹೊಡೆಯುವಾಗ ಎಸಿಸಿಯಲ್ಲಿ ಕರೆಂಟ್ ಕಡಿದುಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಹಿಡಿದು ಕೀ ಬಿಟ್ಟ ಕೂಡಲೇ ಸತ್ತರೆ ಸ್ಟಾರ್ಟ್ ಲೈನಿಗೆ ಕಟ್ಟಿದ್ದೀರಿ. ಎರಡಕ್ಕೂ ಪರಿಹಾರ 15ನೇ ಲೈನು. ಪಂಪಿನ ಹೊರಗಿದ್ದು ಲಿವರನ್ನು ಎಳೆಯುವ ದೊಡ್ಡ ಸೊಲೆನಾಯ್ಡಿನಲ್ಲಿ ಎರಡು ಸುರುಳಿ ಇರಬಹುದು: ಎಳೆಯಲು ಒಂದು, ಹಿಡಿದಿಡಲು ಒಂದು. ಎಳೆಯುವ ಸುರುಳಿಗೆ ಸೆಲ್ಫ್ ಹೊಡೆದಾಗಷ್ಟೇ ಕರೆಂಟ್ ಸಿಗಬೇಕು. ಸದಾ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.

7. ಹೀಟರ್ ಪ್ಲಗ್

ನೇರ ಇಂಜೆಕ್ಷನ್ನಿನ ಹಲವು ಎಂಜಿನ್‌ಗಳಲ್ಲಿ ಇದು ಇರುವುದೇ ಇಲ್ಲ. ಇದ್ದರೆ ಕೀ ಸ್ವಿಚ್ಚಿನಿಂದ ನೇರ ಕೊಡಬೇಡಿ. ನಾಲ್ಕು ಪ್ಲಗ್ ಸೇರಿ ಮೊದಲ ಕ್ಷಣಗಳಲ್ಲಿ 40ರಿಂದ 60 ಆಂಪ್ ಎಳೆಯಬಹುದು. 70 ಆಂಪಿನ ರಿಲೇ, ದಪ್ಪ ವೈರು, ಬ್ಯಾಟರಿ ಹತ್ತಿರವೇ ಫ್ಯೂಸು. ತುಂಬಾ ಹಳೇ ಎಂಜಿನ್‌ಗಳಲ್ಲಿ ಪ್ಲಗ್ಗುಗಳು ಒಂದರ ಹಿಂದೆ ಒಂದು ಸರಣಿಯಲ್ಲಿರುತ್ತವೆ. ಅವುಗಳಲ್ಲಿ ಒಂದೊಂದಕ್ಕೂ ಬೇಕಾದದ್ದು ಬಹಳ ಕಡಿಮೆ ವೋಲ್ಟ್, 12 ನೇರ ಕೊಟ್ಟರೆ ಸುಟ್ಟವು. ಪ್ಲಗ್ಗಿನ ಮೇಲೆ ಕೆತ್ತಿದ ವೋಲ್ಟ್ ಓದಿ. ಪುಣೆಯ ಬೇಸಿಗೆಯಲ್ಲಿ ಹೀಟರ್ ಇಲ್ಲದೆಯೂ ಹಿಡಿಯುವ ಎಂಜಿನ್ ಡಿಸೆಂಬರ್ ಬೆಳಗಿನಲ್ಲಿ ಹಿಡಿಯದೆ ಹೋದರೆ ಮೊದಲು ನೋಡಬೇಕಾದ್ದು ಇದನ್ನೇ.

8. ಕೀ ತೆಗೆದರೂ ನಿಲ್ಲದ ಎಂಜಿನ್, ಚಾರ್ಜಾಗದ ಬ್ಯಾಟರಿ

ಇವೆರಡೂ ಒಂದೇ ವೈರಿನಿಂದ ಬರುತ್ತವೆ: ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಬಲ್ಬಿನಿಂದ ಆಲ್ಟರ್ನೇಟರಿನ ಡಿ ಪ್ಲಸ್ ಟರ್ಮಿನಲ್ಲಿಗೆ ಹೋಗುವ ತೆಳ್ಳನೆ ವೈರು. ಆಲ್ಟರ್ನೇಟರ್ ಎದ್ದೇಳಲು ಮೊದಲು ಸ್ವಲ್ಪ ಕರೆಂಟ್ ಬೇಕು, ಅದು ಬರುವುದು ಈ ಬಲ್ಬಿನ ಮೂಲಕ. ಬಲ್ಬು ಸುಟ್ಟಿದ್ದರೆ, ಅಥವಾ ಅದರ ಜಾಗದಲ್ಲಿ ಎಲ್‌ಇಡಿ ಹಾಕಿದ್ದರೆ, ಐಡ್ಲಿಂಗಿನಲ್ಲಿ ಚಾರ್ಜಿಂಗ್ ಶುರುವಾಗುವುದೇ ಇಲ್ಲ. 2–3 ವ್ಯಾಟಿನ ಮಾಮೂಲಿ ಬಲ್ಬನ್ನೇ ಹಾಕಿ. ಕೀ ಆನ್ ಮಾಡಿದಾಗ ಉರಿಯಬೇಕು, ಎಂಜಿನ್ ಹಿಡಿದ ಮೇಲೆ ಆರಬೇಕು, ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಕಾಣಬೇಕು.

ಇನ್ನು ನಿಲ್ಲದ ಎಂಜಿನ್. ಕೀ ಆಫ್ ಮಾಡಿದಾಗಲೂ ತಿರುಗುತ್ತಿರುವ ಆಲ್ಟರ್ನೇಟರ್ ಡಿ ಪ್ಲಸ್‌ನಿಂದ ಬಲ್ಬಿನ ಮೂಲಕ ಹಿಂದಕ್ಕೆ 15ನೇ ಲೈನಿಗೆ ಕರೆಂಟ್ ಕಳಿಸುತ್ತದೆ. ಸ್ಟಾಪ್ ಸೊಲೆನಾಯ್ಡನ್ನು ರಿಲೇ ಮೂಲಕ ಓಡಿಸುತ್ತಿದ್ದರೆ, ಆ ರಿಲೇ ಹಿಡಿದಿರಲು ಅಷ್ಟು ಸಣ್ಣ ಕರೆಂಟೇ ಸಾಕು. ಎಂಜಿನ್ ಓಡುತ್ತಲೇ ಇರುತ್ತದೆ. ಜನ ಪಂಪ್ ಬಿಚ್ಚಿಸುತ್ತಾರೆ, ಕೀ ಸ್ವಿಚ್ ಬದಲಿಸುತ್ತಾರೆ, ದೋಷ ಹೋಗುವುದಿಲ್ಲ. ಬಲ್ಬಿಗೂ ಆಲ್ಟರ್ನೇಟರಿಗೂ ನಡುವೆ 1ಎನ್4007 ಡಯೋಡನ್ನು, ಅದರ ಬೆಳ್ಳಿ ಗೆರೆ ಆಲ್ಟರ್ನೇಟರಿನ ಕಡೆ ಬರುವಂತೆ ಹಾಕಿ, ಸ್ಲೀವ್ ಮುಚ್ಚಿ. ತಿರುಗಿಸಿ ಹಾಕಿದರೆ ಚಾರ್ಜಿಂಗ್ ಬಲ್ಬೇ ಉರಿಯುವುದಿಲ್ಲ. ಖಾತ್ರಿಗೆ, ಡಯೋಡ್ ಹಾಕುವ ಮುಂಚೆ ಎಂಜಿನ್ ಓಡುವಾಗ ಚಾರ್ಜಿಂಗ್ ಬಲ್ಬನ್ನು ಹೋಲ್ಡರಿನಿಂದ ತೆಗೆದು ಕೀ ಆಫ್ ಮಾಡಿ: ನಿಂತರೆ ಕಾರಣ ಇದೇ.

ಆಲ್ಟರ್ನೇಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಓಡುವ ಎಂಜಿನ್‌ನಲ್ಲಿ ಬ್ಯಾಟರಿ ಕೇಬಲ್ ತೆಗೆಯುವ ಅಭ್ಯಾಸ ಡೈನಮೋ ಕಾಲದ್ದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟ್ ಒಮ್ಮೆಲೇ ಏರಿ ಡಯೋಡು, ರೆಗ್ಯುಲೇಟರ್ ಸುಡುತ್ತವೆ. ಚಾಸಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ, ಆಲ್ಟರ್ನೇಟರ್ ವೈರುಗಳನ್ನು ಮೊದಲು ಬಿಚ್ಚಿಸಿ.

9. ರಸ್ತೆಗೆ ಇಳಿಸುವ ಮುಂಚೆ, ಇಳಿಸಿದ ಮೇಲೆ

ಬ್ಯಾಟರಿಯಿಂದ ಹೊರಡುವ ಪ್ರತಿ ವೈರಿಗೂ, ಸೆಲ್ಫಿನ ದಪ್ಪ ಕೇಬಲ್ ಒಂದನ್ನು ಬಿಟ್ಟು, ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಇರಬೇಕು. ಪದೇ ಪದೇ ಹೋಗುವ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸ್, ತಾಮ್ರದ ತಂತಿ ಹಾಕಬೇಡಿ. ಲೈನಿನಲ್ಲಿ ಇನ್ನೂ ಶಾರ್ಟ್ ಇದೆ ಎಂದು ಅದು ಹೇಳುತ್ತಿದೆ, ಹುಡುಕಿ. ವೈರುಗಳನ್ನು ತಿರುಚಿ ಟೇಪ್ ಸುತ್ತುವ ಬದಲು ಲಗ್ ಒತ್ತಿಸಿ. ಸೈಲೆನ್ಸರ್ ಪೈಪಿನಿಂದ ದೂರವಿರಲಿ. ಲೋಹದ ಅಂಚು ದಾಟುವಲ್ಲಿ ರಬ್ಬರ್ ಬುಷ್ ಹಾಕಿ. ರಿಲೇಗಳನ್ನು ಟರ್ಮಿನಲ್ ಕೆಳಮುಖ ಮಾಡಿ ಕೂರಿಸಿದರೆ ಮಳೆಗಾಲದಲ್ಲಿ ನೀರು ಒಳಗೆ ನಿಲ್ಲುವುದಿಲ್ಲ.

ಮೊದಲ ಸಲ ಲೋಡ್ ಹಾಕಿಕೊಂಡು ಕಾತ್ರಜ್ ಘಾಟ್ ಹತ್ತಿಸಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬ್ಯಾಟರಿ ಕಂಬ, ಅರ್ತ್ ಬೋಲ್ಟ್, ಸೆಲ್ಫಿನ ಕೇಬಲ್, ರಿಲೇ, ಫ್ಯೂಸ್ ಹೋಲ್ಡರ್‌ಗಳ ಹತ್ತಿರ ಕೈ ತಂದು ನೋಡಿ. ಸುತ್ತಲಿನದಕ್ಕಿಂತ ಬಿಸಿ ಇರುವ ಜೋಡಣೆ ಸಡಿಲವಿದೆ. ಒಂದು ವಾರದ ನಂತರ ಎಲ್ಲ ಲಗ್ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ನೀವು ಬರೆದ ಹಾಳೆಯಲ್ಲಿ ಯಾವ ಬಣ್ಣದ ವೈರು ಯಾವ ನಂಬರಿನದು, ಯಾವ ರಿಲೇ ಯಾವುದಕ್ಕೆ, ಫ್ಯೂಸ್ ಎಲ್ಲಿದೆ ಎಂಬುದನ್ನು ಚೊಕ್ಕವಾಗಿ ಬರೆದು ಲ್ಯಾಮಿನೇಟ್ ಮಾಡಿಸಿ ಆರ್‌ಸಿ ಜೊತೆಗಿಡಿ. ನಿಪ್ಪಾಣಿ ದಾಟಿದ ಮೇಲೆ ರಾತ್ರಿ ಗಾಡಿ ನಿಂತರೆ ಹುಬ್ಬಳ್ಳಿಯ ಎಲೆಕ್ಟ್ರಿಷಿಯನ್ನಿಗೆ ಫೋನಿನಲ್ಲಿ ಅದನ್ನೇ ಓದಿ ಹೇಳಬಹುದು.